ಜಬಲ್ ಅಖ್ದರಿನ ಕಾಡಿನಲ್ಲಿ ಸ್ವರ್ಣಲತಾ

ಕೊಲ್ಲಿ ನಾಡಿನ ಜಬಲ್ ಅಖ್ದರ್ ಬೆಟ್ಟ ಹತ್ತಲು ಫೋರ್‌ವೀಲ್ ಗಾಡಿಯೇ ಬೇಕು; ಸಣ್ಣ ಕಾರನ್ನು ಪೊಲೀಸರು ಬುಡದಲ್ಲೇ ತಿರುಗಿಸಿ ಕಳಿಸುತ್ತಾರೆ. ಬಾಡಿಗೆ ಮೂವತ್ತು ರಿಯಾಲ್, ಪೆಟ್ರೋಲಿಗೆ ಎಂಟು, ಸ್ವರ್ಣಲತಾಳ ಒಂದು ದಿನದ ರಜೆ. ಮುದಿ ಮರ ನೋಡಲು ಇಷ್ಟು ಖರ್ಚಾ ಎಂದಿದ್ದಳು ಅವಳು. ಮರಕ್ಕಲ್ಲ, ಮಾತಿಗೆ ಎಂದಿದ್ದ ಸುಕೇಶ್.

ಕೆಳಗೆ ಪೇಟೆಯಲ್ಲಿ, ವಾದಿ ಕಬೀರ್ ಎಂಬಲ್ಲಿನ ಗ್ಯಾರೇಜಿನಲ್ಲಿ ಅವನು ಫೋರ್‌ಮನ್. ದಾರಿಯುದ್ದಕ್ಕೂ ಬಾಡಿಗೆ ಗಾಡಿಯ ಬ್ರೇಕನ್ನು ಬೈದ. ತಿರುವು ಬಂದಾಗಲೆಲ್ಲ ಬಲಗನ್ನಡಿ ನೋಡುವ ನೆಪದಲ್ಲಿ ಅವಳನ್ನು ನೋಡಿದ.

"ಕನ್ನಡಿ ನೋಡಿದ್ದಾ, ನನ್ನ ಕಿವಿಯೋಲೆಯಾ?"

"ಎರಡೂ ಹತ್ತಿರವೇ ಉಂಟಲ್ಲ ಮಾರಾಯ್ತಿ."

ಇಬ್ಬರದ್ದೂ ಒಂದೇ ಬರಿ. ತುಳುವರಲ್ಲಿ ತಾಯಿಯಿಂದ ಬರುವ ಕುಲವದು. ಒಂದೇ ಬರಿಯವರೆಂದರೆ ಅಣ್ಣತಂಗಿ. ನಾಲ್ಕು ತಲೆಮಾರು ಕೆದಕಿದರೂ ಇವರಿಗೆ ನೆಂಟಸ್ತನವಿರಲಿಲ್ಲ. ಆದರೂ ಇಲ್ಲಿನ ತುಳುವರ ಸಂಘದ ಹೆಂಗಸರು 'ಸುಕೇಶಣ್ಣ' ಎನ್ನಬೇಕೆಂದು ಅವಳಿಗೆ ಹೇಳಿಕೊಡುತ್ತಿದ್ದರು. ಒಂದು ದಿನವೂ ಅವಳು ಹಾಗೆ ಕರೆದವಳಲ್ಲ. ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದ ಅಣ್ಣ ಕೀರ್ತನ್ ಆರು ತಿಂಗಳಿಂದ ಈ ಮದುವೆಗೆ ಅಡ್ಡ ನಿಂತಿದ್ದ.

ಮೇಲೆ ಕಾಡು ಎಂದರೆ ಒತ್ತೊತ್ತಾಗಿರಲಿಲ್ಲ. ಬಂಡೆಯ ಸೀಳಿನಲ್ಲಿ ಅಲ್ಲೊಂದು ಇಲ್ಲೊಂದು ಜುನಿಪರ್ ಮರ, ನೂರಾರು ವರ್ಷದ್ದು, ಅರ್ಧ ಒಣಗಿ ಅರ್ಧ ಹಸಿರಾಗಿ. ತೊಗಟೆ ಮೂಸಿದರೆ ಪೆನ್ಸಿಲ್ ಹೆರೆದ ವಾಸನೆ. ಬುಲ್‌ಬುಲ್ ಹಕ್ಕಿಯೊಂದು ನೀಲಿ ಕಾಯಿ ನುಂಗುತ್ತಿತ್ತು. ಕಣಿವೆಯ ಮೇಲೆ ಬಿಳಿ ರಣಹದ್ದು ರೆಕ್ಕೆ ಬಡಿಯದೆ ತೇಲಿತು. ಸುಕೇಶ್ ಬೆರಳೆತ್ತಿ ತೋರಿಸಿದ. ಬೆರಳು ಇಳಿದು ಅವಳ ಬೆರಳ ಪಕ್ಕವೇ ಕೂತಿತು.

ಆಮೇಲೆ ಅವನು ಸಿಹಿಸುದ್ದಿ ಬಿಚ್ಚಿದ. ಕೀರ್ತನ್ ಒಪ್ಪಿದ್ದಾನೆ. ಸಂಘದ ಹಿರಿಯ ಸೇಸಪ್ಪಣ್ಣನ ಹೆಂಡತಿ ಬೇರೆ ಬರಿಯವರು. ಅವರು ಸ್ವರ್ಣಲತಾಳನ್ನು ಮಗಳಾಗಿ ತೆಗೆದುಕೊಂಡು ಧಾರೆ ಎರೆದರೆ ಅವಳ ಬರಿ ಬದಲಾಗುತ್ತದೆ. ಹಳೆಯ ಉಪಾಯ, ಯಾರಿಗೂ ನೋವಿಲ್ಲ.

ಅವಳು ಕೈ ಹಿಂದೆ ತೆಗೆದಳು.

"ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದ್ದು. ತೀರಿಹೋಗಿ ಮೂರು ವರ್ಷ ಆಯ್ತು. ಈಗ ಮದುವೆ ಚಪ್ಪರದಲ್ಲಿ ನಾನು ಅವಳ ಮಗಳಲ್ಲ ಅನ್ನಬೇಕಾ?"

"ಒಂದು ದಿನದ ಶಾಸ್ತ್ರ, ಸ್ವರ್ಣ."

"ಒಂದು ಗಂಟೆಗೂ ಆಗ್ಲಿಕ್ಕಿಲ್ಲ. ನನ್ನ ಬರಿಯಲ್ಲೇ ಇದ್ದು ನಿಮ್ಮನ್ನು ಮದುವೆಯಾಗ್ತೇನೆ. ಧೈರ್ಯ ಇದ್ದರೆ ಬನ್ನಿ, ಇಲ್ಲದಿದ್ದರೆ ಗಾಡಿ ತಿರುಗಿಸಿ."

ಸುಕೇಶನ ಮನೆಯಲ್ಲೂ ಜನವಿದ್ದರು, ಅವರಿಗೂ ಬಾಯಿತ್ತು. ಆದರೂ ಅವನು ಅಲ್ಲಿಂದಲೇ ಕೀರ್ತನನಿಗೆ ಫೋನ್ ಮಾಡಿದ. "ಭಾವ" ಎಂದ, ಒಂದೇ ಬರಿಯವನನ್ನು ಕರೆಯಬಾರದ ಹೆಸರು. "ಬರಿ ಬದಲಾಯಿಸುವುದಿಲ್ಲ. ಬರುವ ತಿಂಗಳು ಊರಲ್ಲಿ ರಿಜಿಸ್ಟರ್ ಮದುವೆ. ಬಂದರೆ ಸಂತೋಷ."

ಆ ಕಡೆ ಫೋನ್ ಕಟ್ಟಾಯಿತು. ಸ್ವರ್ಣಲತಾ ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು.

ರಿಜಿಸ್ಟರಿಗೆ ಕೀರ್ತನ್ ಬರಲಿಲ್ಲ, ಆ ಮನೆಯ ಬಾಗಿಲು ಇನ್ನೂ ತೆರೆದಿಲ್ಲ. ಅವಳು ಕಳೆದುಕೊಂಡದ್ದು ಒಬ್ಬ ಅಣ್ಣನನ್ನು. ಗಂಡ ಸಿಕ್ಕಿದ, ಅಮ್ಮ ಅಮ್ಮನಾಗಿಯೇ ಉಳಿದಳು.