ತಕರಾರಿನವನು ತಲೆಯಾಡಿಸಿದ ದಿನ

ಗುರುವಾರದ ಪುಸ್ತಕ ಚರ್ಚೆಯಲ್ಲಿ ಮಾತು ಮೈಬಣ್ಣದ ಕಡೆಗೋ ಧರ್ಮದ ಕಡೆಗೋ ಹೊರಳಿತೆಂದರೆ ಸಾಕು, ಗ್ರಂಥಾಲಯದ ಮಹಡಿಯ ಆ ಕೋಣೆಯಲ್ಲಿ ಎಲ್ಲರ ದನಿಯೂ ಇದ್ದಕ್ಕಿದ್ದಂತೆ ಮೆತ್ತಗಾಗುತ್ತಿತ್ತು. ಕುರ್ಚಿಗಳು ಅವಳತ್ತ ತಿರುಗುತ್ತಿದ್ದವು. ಅಲ್ಲಿದ್ದವರಲ್ಲಿ ಕಪ್ಪು ಮೈಬಣ್ಣದವಳು ಅವಳೊಬ್ಬಳೇ, ಬೇರೆ ಧರ್ಮದವಳೂ ಅವಳೊಬ್ಬಳೇ. "ಇದನ್ನ ನೀವೇ ಹೇಳ್ಬೇಕು" ಎಂದು ಯಾರಾದರೂ ಅನ್ನುವರು. ಅವಳು ಬಾಯಿಗೆ ಬಂದದ್ದು ಹೇಳಿದರೂ ತಲೆದೂಗುವರು. ಜ್ವರ ಬಂದ ಮಗುವಿನ ಜೊತೆ ಮಾತಾಡುವ ಆ ನಯ ಅವಳಿಗೆ ಸಾಕುಸಾಕಾಗಿತ್ತು.

ಒಬ್ಬ ಮಾತ್ರ ಹಾಗಲ್ಲ. ಇತಿಹಾಸ ವಿಭಾಗದ ಸಂಶೋಧಕ, ಕಿಟಕಿ ಪಕ್ಕ ಕೂರುವವನು. ಅವಳು ಮಾತು ಮುಗಿಸುವ ಮೊದಲೇ ಪೆನ್ ಎತ್ತಿ "ತಪ್ಪು" ಅನ್ನುವನು. ಕಾದಂಬರಿಯ ಕಪ್ಪು ಆಳಿಗೆ ಲೇಖಕ ಅನ್ಯಾಯ ಮಾಡಿದ್ದಾನೆಂದು ಅವಳು ಹೇಳಿದರೆ, "ಇನ್ನೊಂದ್ಸಲ ಓದಿ, ಇಡೀ ಮನೇಲಿ ಬುದ್ಧಿ ಇರೋದೇ ಆ ಆಳಿಗೆ" ಎಂದು ಜಗಳಕ್ಕೆ ನಿಲ್ಲುವನು. ಅವಳು ಅವನಿಗೆ ತಕರಾರು ಎಂದು ಹೆಸರಿಟ್ಟಿದ್ದಳು. ಅವನ ಬಾಯಿ ಮುಚ್ಚಿಸಬೇಕೆಂದು ವಾರವಿಡೀ ಓದುತ್ತಿದ್ದಳು. ಗುರುವಾರ ಬಂದರೆ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿಯೇ ಹೊತ್ತು ನಿಲ್ಲುತ್ತಿದ್ದಳು.

"ಜಗಳ ಆಡೋಕೆ ಹೋಗೋರಿಗೆ ಹೊಸ ಓಲೆ ಯಾಕೆ ಬೇಕೇ?" ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಆದರೆ ಈ ಗುರುವಾರ ಅವಳು ಮಾತು ಮುಗಿಸಿದರೂ ಪೆನ್ ಮೇಲೇಳಲಿಲ್ಲ. ತಕರಾರು ಸುಮ್ಮನೆ ತಲೆಯಾಡಿಸಿದ.

"ಅದೂ ಒಂದು ದೃಷ್ಟಿಕೋನ," ಎಂದ, ಬಹಳ ಮೆತ್ತಗೆ.

ಅವಳಿಗೆ ನಂಬಲಾಗಲಿಲ್ಲ. ಕೆಣಕಿ ನೋಡೋಣವೆಂದು, "ನನ್ನ ಪ್ರಕಾರ ಈ ಕಾದಂಬರಿಯ ನಿಜವಾದ ನಾಯಕಿ ಪಾದ್ರಿಯ ಕುದುರೆ," ಎಂದಳು.

ಕೋಣೆಯೆಲ್ಲ ಗಂಭೀರವಾಗಿ ತಲೆದೂಗಿತು. ಒಬ್ಬರಂತೂ ಬರೆದುಕೊಂಡೇ ಬಿಟ್ಟರು. ಅವನ ತುಟಿಯಂಚು ನಗು ತಡೆಯಲಾರದೆ ಅದುರಿದ್ದನ್ನು ಅವಳು ಕಂಡಳು. ಆದರೂ ಅವನು ಮೇಜು ನೋಡುತ್ತಾ, "ಯೋಚನೆ ಮಾಡ್ಬೇಕಾದ ಮಾತು," ಎಂದ.

ಇವನೂ ಆ ಸಾಲಿಗೇ ಸೇರಿಬಿಟ್ಟನೇ? ತನ್ನನ್ನು ಸರಿಸಮವಾಗಿ ಕಂಡವನು ಇವನೊಬ್ಬನೇ ಇದ್ದ. ಇವನನ್ನೂ ಕಳೆದುಕೊಂಡ ಮೇಲೆ ಇಲ್ಲಿಗೆ ಬರುವುದಾದರೂ ಯಾಕೆ ಅನ್ನಿಸಿ ಅಳುವೇ ಬಂತು.

ಚರ್ಚೆ ಮುಗಿದದ್ದೇ ಅವನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದಳು.

"ಕುದುರೆ ನಾಯಕೀನಾ?"

"ಅದು ನಿಮ್ಮ ಅಭಿಪ್ರಾಯ..."

"ನಿಮಗೂ ನಾನು ಗಾಜಿನ ಗೊಂಬೆ ಆಗ್ಬಿಟ್ನಾ? ಹಾಗಿದ್ರೆ ಮುಂದಿನ ವಾರದಿಂದ ನಾನು ಬರಲ್ಲ."

ಅವನ ಮುಖ ಪೆಚ್ಚಾಯಿತು. "ಚರ್ಚೆ ನಡೆಸೋ ಮೇಡಂ ಕರೆದು ಬೈದ್ರು. ಹೋದ ವಾರ ನಿಮ್ಮ ಧರ್ಮದ ವಿಷಯದಲ್ಲಿ ನಾನು ದನಿ ಏರಿಸಿದ್ದು ತಪ್ಪಂತೆ. ನಿಮಗೆ ನೋವಾಗಿರುತ್ತೆ ಅಂದ್ರು."

"ನನ್ನನ್ನೇ ಕೇಳಬಹುದಿತ್ತಲ್ಲ."

"ಭಯ ಆಯ್ತು." ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಬೇರೆ ಯಾರಿಗಾದ್ರೂ ಆಗಿದ್ರೆ ಸಾರಿ ಕೇಳಿ ಆರಾಮಾಗಿರ್ತಿದ್ದೆ. ನಿಮಗೆ ಅಂದಾಗ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಅದಕ್ಕೆ ಕಾರಣ ಏನು ಅಂತ ಈಗ ಗೊತ್ತಾಗಿದೆ."

ಅವಳ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. "ಅರ್ಧ ಹೇಳಿ ನಿಲ್ಲಿಸೋ ಅಭ್ಯಾಸ ನಿಮಗಿಲ್ಲ. ಪೂರ್ತಿ ಹೇಳಿ."

"ಪ್ರೀತಿಸ್ತಾ ಇದೀನಿ. ಇನ್ನೇನು ಹೇಳ್ಲಿ?"

ಅವಳು ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡಳು. ಓಲೆಗಳು ಮಾತ್ರ ಮಾತು ಕೇಳದೆ ತೂಗಾಡುತ್ತಿದ್ದವು.

"ಅದೂ ಒಂದು ದೃಷ್ಟಿಕೋನ," ಎಂದಳು.

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಪೆನ್ ಎತ್ತಿದ.

"ತಪ್ಪು," ಎಂದ. "ದೃಷ್ಟಿಕೋನ ಅಲ್ಲ, ನಿಜ. ಮತ್ತೆ ಆ ಕುದುರೆ ವಿಷಯ ಶುದ್ಧ ತಲೆಹರಟೆ."

ಅವಳು ನಗುತ್ತಾ ಮೆಟ್ಟಿಲ ಮೇಲೇ ಕುಸಿದು ಕೂತಳು. ಅವನೂ ಪಕ್ಕದಲ್ಲೇ ಕೂತ. ದೀಪ ಆರಿಸಲು ಬಂದ ಕಾವಲುಗಾರ ಇಬ್ಬರನ್ನೂ ಎಬ್ಬಿಸಿ ಕಳಿಸಬೇಕಾಯಿತು.

ಮುಂದಿನ ಗುರುವಾರ ಅವಳು ಬಾಯಿ ತೆರೆದದ್ದೇ ತಡ, ಕಿಟಕಿ ಪಕ್ಕದಿಂದ "ತಪ್ಪು" ಎಂಬ ಮಾತು ಬಂತು. ಮೇಡಂ ಗಾಬರಿಯಿಂದ ಅವಳ ಮುಖ ನೋಡಿದರು.

"ಅವನನ್ನ ತಡೀಬೇಡಿ ಮೇಡಂ," ಎಂದಳು ಅವಳು, ಕುರ್ಚಿಯನ್ನು ಅವನ ಎದುರಿಗೇ ಎಳೆದುಕೊಂಡು. "ಈ ಜಗಳ ಜೀವನಪೂರ್ತಿ ಇರುತ್ತೆ."