ಮೂವತ್ತಕ್ಕೆ ಐದು ಹೇಗೆ ಬಂತು?

ಜೂನ್ 14, ಬೆಳಿಗ್ಗೆ ಎಂಟೂವರೆ. ಕೊಪ್ಪಳ ತಾಲ್ಲೂಕಿನ ಹೊಳಿಯಮ್ಮ ಮುರಿದ ದಾಳಿಂಬೆ ಗಿಡವನ್ನು ಎಳೆದುಕೊಂಡೇ ಠಾಣೆಗೆ ಬಂದಳು.

"ಮೇಡಮ್ಮಾರ, ಬೋರ್ ಹೊಡೀರಿ ಅಂತ ನಾ ಯಾರಿಗೂ ಹೇಳಿಲ್ರಿ. ಗಾಡಿ ನುಗ್ಗಿಸಿ ನನ್ನ ತೋಟ ಹಾಳು ಮಾಡ್ಯಾರ. ಹಣ್ಣು ಹಿಡಿದ ಗಿಡ ರೀ!"

ಇನ್‌ಸ್ಪೆಕ್ಟರ್ ದುರ್ಗಾದೇವಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಲಕ್ಷ್ಮಣಪ್ಪನೊಂದಿಗೆ ತೋಟದ ಪಂಚನಾಮೆ ಮುಗಿಸಿದರು. ಬೋರ್ ಗಾಡಿಯ ಡ್ರೈವರ್ ಮೊಬೈಲ್ ಚಾಚಿದ. ಅದರಲ್ಲಿ ಅಕ್ಷಾಂಶ 15.4612 ಎಂದಿತ್ತು.

"ಆಫೀಸಿನವರು ಕಳಿಸಿದ ಪಾಯಿಂಟ್ ರೀ. ಫೋನ್ ತೋರಿಸಿದಲ್ಲಿ ಬಂದೆ."

ನಿಜವಾದ ಜಾಗ ಇದ್ದದ್ದು ಮೂವತ್ತು ಕಿಲೋಮೀಟರಿಗೂ ಆಚೆ, ತಾವರಗೇರಾದಲ್ಲಿ. ಅದನ್ನು ಗುರುತಿಸಿದವಳು ಬೋರ್‌ವೆಲ್ ಕಂಪನಿಯ ಸರ್ವೇಯರ್ ಅಫ್ಸಾನಾ. ತಪ್ಪು ಅವಳದೇ ಎಂದು ಮಾಲೀಕ ಆಗಲೇ ಕೆಲಸ ಬಿಡಿಸಲು ಹೊರಟಿದ್ದ.

"ನಾ ಕೊಟ್ಟದ್ದು 15 ಡಿಗ್ರಿ, 46 ಮಿನಿಟು, 12 ಸೆಕೆಂಡು ರೀ," ಎಂದಳು ಅಫ್ಸಾನಾ, ಅಳು ತಡೆದುಕೊಂಡು. "ಅರವತ್ತು ಮಿನಿಟು ಸೇರಿದ್ರ ಒಂದು ಡಿಗ್ರಿ. ಅದನ್ನ ಫೋನಿಗೆ ಹಾಕುವಾಗ ಭಾಗಿಸಬೇಕು, 15.77 ಬರ್ತೈತಿ. ಯಾರೋ ಭಾಗಿಸದನ 15ರ ಮುಂದ ಚುಕ್ಕಿ ಇಟ್ಟು ಕಳಿಸ್ಯಾರ."

ಕಳಿಸಿದವನು ಆಫೀಸಿನ ಹಿರಿಯ ಸರ್ವೇಯರ್ ಶಬ್ಬೀರ.

"ಭಾಗಿಸಲಿಲ್ಲ ಯಾಕ?" ಅವನನ್ನು ಠಾಣೆಗೆ ಕರೆಸಿ ದುರ್ಗಾದೇವಿ ಕೇಳಿದರು.

"ಆ ಲೆಕ್ಕ ನನಗ ಬರೂದಿಲ್ರಿ. ಅಕಿ ಕೊಟ್ಟದ್ದನ್ನ ಕಳಿಸೀನಿ, ಅಷ್ಟ."

ದುರ್ಗಾದೇವಿ ಲಕ್ಷ್ಮಣಪ್ಪನಿಗೆ ಕಣ್ಸನ್ನೆ ಮಾಡಿ ಹೊರಗೆ ಹೋದರು. ಲಕ್ಷ್ಮಣಪ್ಪ ಚಹಾ ತರಿಸಿದ. ಅದೂ ಇದೂ ಮಾತಾಡುತ್ತಾ ತನ್ನ ಮೊಬೈಲ್ ಮುಂದೆ ಹಿಡಿದ.

"ಶಬ್ಬೀರಣ್ಣ, ನಮ್ಮ ಹೊಲ 15 ಡಿಗ್ರಿ 30 ಮಿನಿಟಿನ್ಯಾಗ ಐತಂತ. ಫೋನಿನ್ಯಾಗ ಹಾಕಿಕೊಡು ಮಾರಾಯ. ಆ ಹುಡುಗಿಗೆ ಕೇಳೂಣಂದ್ರ ಅಕಿ ಇಲ್ಲ."

"ಅಕಿ ಯಾಕ ಬೇಕು?" ಶಬ್ಬೀರ ಮೊಬೈಲ್ ಕಸಿದುಕೊಂಡು ಥಟ್ಟನೆ ಒತ್ತಿದ: 15.5.

ಬಾಗಿಲಲ್ಲಿ ದುರ್ಗಾದೇವಿ ನಿಂತಿದ್ದರು. "ಲೆಕ್ಕ ಬರದಾಂವ 15.30 ಒತ್ತಬೇಕಿತ್ತು. ಮೂವತ್ತಕ್ಕ ಐದು ಹೆಂಗ ಬಂತು, ಶಬ್ಬೀರ?"

ಅವನ ಮುಖ ಇಳಿದುಹೋಯಿತು. ಕೇಳಬೇಕಾದ ಪ್ರಶ್ನೆ ಬೇರೆ ಉಳಿದಿರಲಿಲ್ಲ. ಹೊಟ್ಟೆಯೊಳಗಿನ ಕಿಚ್ಚು ತಾನಾಗಿಯೇ ಹೊರಬಿತ್ತು.

"ಮೊದಲ ಎಲ್ಲಾರೂ ನನ್ನ ಕರೀತಿದ್ರು ರೀ. ಈಗ ಯಾವ ಊರಿಗೆ ಹೋದ್ರೂ, ಅಫ್ಸಾನಾ ಬರ್ಲಿಲ್ಲೇನು ಅಂತಾರ. ನನ್ನ ಮುಂದನ ಅಂತಾರ! ಒಮ್ಮೆ ಅಕಿ ತಪ್ಪಲಿ ಅನ್ನಿಸ್ತು. ಗಿಡದ ನೆನಪು ಬರ್ಲಿಲ್ರಿ."

ಸಂಜೆ ಐದಕ್ಕೆ ಬಂಧನವಾಯಿತು. ಕೆಲಸ ಉಳಿಯಿತೆಂದು ತಿಳಿಸಿದರೂ ಅಫ್ಸಾನಾ ಠಾಣೆಯ ಮೆಟ್ಟಿಲಿನಿಂದ ಏಳಲಿಲ್ಲ.

"ಮತ್ತೇನವ್ವಾ?" ಎಂದ ಲಕ್ಷ್ಮಣಪ್ಪ.

"ಅರವತ್ತರಿಂದ ಭಾಗಿಸೋದು ನನಗ ಕಲಿಸಿದಾಂವ ಅವನ ರೀ," ಎಂದಳು.