ಗೇಟಿನಾಚೆಗೆ ಬಂದ ಕರಡಿಗೆ

"ಗೇಟ್ ತೆಗೀರಿ ಸಿಸ್ಟರ್. ಅವ್ವ ಎಲ್ಲಿಗೋಯ್ತದೋ ನಾನೂ ಅಲ್ಲಿಗೇ ಬರೋದು."

ಪಿಕಪ್ ಗಾಡಿಯಿಂದ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದಿದ್ದ ಆ ಮನುಷ್ಯ ಆಸ್ಪತ್ರೆಯ ಗೇಟಿಗೆ ಅಡ್ಡ ನಿಂತುಬಿಟ್ಟಿದ್ದ. ನಿದ್ದೆಗೆಟ್ಟ ಕಣ್ಣು, ಮೈತುಂಬ ಮಸಿ, ಕಾಲಲ್ಲಿ ಚಪ್ಪಲಿಯೂ ಇಲ್ಲ.

ನರ್ಸ್ ಸೌಂದರ್ಯ ಮೊದಲು ಆ ಮುದುಕಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು. ಎಪ್ಪತ್ತೊಂಬತ್ತು... ತೊಂಬತ್ತೈದರ ಮೇಲಿರಬೇಕಾದ ಆಕ್ಸಿಜನ್ ಮಟ್ಟ.

"ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ. ನೀವಿಲ್ಲಿ ನನ್ನ ಜೊತೆ ಜಗಳ ಆಡ್ತಾ ನಿಂತ್ರೆ ಅವರಿಗೆ ಉಸಿರು ಸಾಲಲ್ಲ ಕಣ್ರೀ."

"ಓದ್ ವರ್ಸ ನಮ್ಮಪ್ಪುನ್ನೂ ಇಂಗೇ ಇಸ್ಕೊಂಡ್ರು. ಮುಖ ಕೂಡ ತೋರಿಸ್ನಿಲ್ಲ." ಅವನು ತಾಯಿಯನ್ನು ಇನ್ನೂ ಎದೆಗವಚಿಕೊಂಡ. "ಅವ್ವ ಒಬ್ಳೇ ಇರಕಿಲ್ಲ ಸಿಸ್ಟರ್."

"ಒಬ್ರೇ ಇರಲ್ಲ. ನಾನಿರ್ತೀನಿ."

ಬೆವರಿಗೆ ಮಂಜಾಗಿದ್ದ ಕನ್ನಡಕದ ಹಿಂದಿನ ಆ ಎರಡು ಕಣ್ಣುಗಳನ್ನು ಅವನು ಒಂದು ಕ್ಷಣ ನೋಡಿದ. ಏನನ್ನಿಸಿತೋ, ತಾಯಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಹಿಂದೆ ಸರಿದ. ಸ್ಟ್ರೆಚರ್ ತಳ್ಳಿಕೊಂಡು ಹೋಗುತ್ತಿದ್ದವಳ ಪಿಪಿಇ ಕಿಟ್ಟಿನ ಬೆನ್ನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ ಹೆಸರನ್ನು ಮಾತ್ರ ಓದಿಕೊಂಡ.

ಅದು 2021ರ ಮೇ ತಿಂಗಳು. ಸಾಲಿಗ್ರಾಮದ ಹತ್ತಿರ ಖಾಲಿ ಬಿದ್ದಿದ್ದ ಒಂದು ಹಾಸ್ಟೆಲ್ಲಿಗೆ ಮೂವತ್ತು ಹಾಸಿಗೆ, ಒಂದಷ್ಟು ಆಕ್ಸಿಜನ್ ಸಿಲಿಂಡರ್ ಹಾಕಿ ಕೋವಿಡ್ ಆಸ್ಪತ್ರೆ ಮಾಡಿದ್ದರು. ಮೂವತ್ತು ಹಾಸಿಗೆಗೆ ನಾಲ್ಕೇ ನರ್ಸುಗಳು, ಅವರ ವಾಸವೂ ಗೇಟಿನೊಳಗೇ. ಬೆಳಗ್ಗೆ ಎಂಟರಿಂದ ಎರಡರವರೆಗಿನ ಪಾಳಿ ಸೌಂದರ್ಯಳದ್ದು.

ಹೊಸ ರೋಗಿಯ ಹೆಸರು ಶಿವರುದ್ರಮ್ಮ. ಮಗ ಗೌರೀಶ್, ಬೆಟ್ಟದಪುರದ ಬೆಟ್ಟದ ಬುಡದ ಹಳ್ಳಿಯವನು, ಹೊಗೆಸೊಪ್ಪು ಬೆಳೆಯುವವನು. ಜ್ವರ ಬಂದ ತಾಯಿಯನ್ನು ಅವನು ನಾಲ್ಕು ದಿನ ಎಲ್ಲಿಟ್ಟಿದ್ದ ಗೊತ್ತೇ? ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ! ಶಾಖಕ್ಕೆ ವೈರಸ್ ಸಾಯುತ್ತದೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಂಬಿ, ಕಿಟಕಿಯಿಲ್ಲದ ಆ ಕೋಣೆಗೆ ಒಲೆ ಹೊತ್ತಿಸಿದ್ದ. ಆಸ್ಪತ್ರೆಗೆ ಕಳಿಸಬೇಡ ಅಂತ ತಾಯಿ ಆಣೆ ಹಾಕಿಸಿಕೊಂಡಿದ್ದಳಂತೆ. ಅವಳು ಏದುಸಿರು ಬಿಡತೊಡಗಿದಾಗ ಆಣೆ ಮುರಿದು ಗಾಡಿ ಹತ್ತಿಸಿದ್ದ. ಪಿರಿಯಾಪಟ್ಟಣದಲ್ಲೂ ಹುಣಸೂರಿನಲ್ಲೂ ಹಾಸಿಗೆ ಸಿಗದೆ, ಹಳ್ಳಿ ಹಳ್ಳಿಗೂ ರಸ್ತೆಗೆ ಮುಳ್ಳು ಹಾಕಿ ಬಂದ್ ಮಾಡಿದ್ದ ಕಡೆಯೆಲ್ಲ ಇಳಿದು ಮುಳ್ಳು ಸರಿಸುತ್ತ ಇಲ್ಲಿಗೆ ತಲುಪಿದ್ದ.

ಗೇಟಿನಲ್ಲಿ ವಿವರ ಬರೆದುಕೊಂಡವರಿಂದ ಇದನ್ನೆಲ್ಲ ಕೇಳಿ ಸೌಂದರ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಬಯ್ಯಬೇಕು ಅಂತಲೇ ಫೋನ್ ಮಾಡಿದಳು. ಆದರೆ ಆ ಕಡೆಯಿಂದ "ತಪ್ಪಾಯ್ತು ಸಿಸ್ಟರ್... ಅವ್ವ ಬದುಕ್ತದಾ?" ಅಂತ ಕೇಳಿದಾಗ ಬಯ್ಯುವ ಮನಸ್ಸೇ ಆಗಲಿಲ್ಲ. ಅವಳ ಊರು ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನಾಚೆ. ಚಿಕ್ಕಂದಿನಲ್ಲಿ ಅಜ್ಜಿಗೆ ಎದೆನೋವು ಬಂದಾಗ, ಹಿನ್ನೀರು ಸುತ್ತಿ ಆಸ್ಪತ್ರೆ ಸೇರುವಷ್ಟರಲ್ಲಿ ಅಜ್ಜಿ ದಾರಿಯಲ್ಲೇ ಹೋಗಿದ್ದಳು. ದೂರ ಅಂದರೆ ಏನು, ಭಯ ಅಂದರೆ ಏನು ಅಂತ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

"ಬದುಕಿಸ್ತೀನಿ ಅಂತ ಹೇಳಲ್ಲ. ದಿನಾ ಎರಡೂವರೆಗೆ ಫೋನ್ ಮಾಡ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಅಂದಳು.

ಗೌರೀಶ್ ಊರಿಗೆ ಹೋಗಲಿಲ್ಲ. ಗೇಟಿನೆದುರಿನ ಹೊಂಗೆ ಮರದಡಿ ಗಾಡಿ ನಿಲ್ಲಿಸಿಕೊಂಡು ಅಲ್ಲೇ ಬಿಡಾರ ಹೂಡಿದ. ಎರಡೂವರೆ ಯಾವಾಗ ಆಗುತ್ತದೋ ಅಂತ ಕಾಯುವುದೇ ಅವನ ಕೆಲಸವಾಯಿತು.

ಮೊದಲ ದಿನ ಎಂಬತ್ತೈದು ಅಂದಳು. ಮರುದಿನ ಎಂಬತ್ತೆಂಟು. ಮೂರನೆಯ ದಿನ, ಎರಡು ತುತ್ತು ಗಂಜಿ ಕುಡಿದರು ಅಂದಳು. ಐದನೆಯ ದಿನ ಸಂಖ್ಯೆ ಹೇಳಿ ಮುಗಿದ ಮೇಲೂ ಇಬ್ಬರೂ ಫೋನ್ ಇಡಲಿಲ್ಲ.

ಊಟ ಆಯ್ತಾ ಅಂತ ಅವಳು ಕೇಳಿದರೆ, ಫೋನ್ ಬರುವವರೆಗೆ ಊಟ ಇಳಿಯುವುದಿಲ್ಲ ಅಂದ ಅವನು; ಆಮೇಲೆ ಈ ಸಲದ ಹೊಗೆಸೊಪ್ಪಿನ ಸಸಿಮಡಿಯ ವಿಷಯ ಹೇಳಿದ. ಅವಳು, ರೋಗ ತರುತ್ತಾಳೆ ಅಂತ ಊರವರು ತನ್ನನ್ನು ಮನೆಗೆ ಸೇರಿಸುತ್ತಿಲ್ಲ, ಅಪ್ಪನ ಮುಖ ನೋಡಿ ಎರಡು ತಿಂಗಳಾಯಿತು ಅಂದಳು. ಹಾಗಂದವಳೇ, ಇವನಿಗೆ ಯಾಕೆ ಹೇಳಿದೆ ಅಂತ ನಾಲಿಗೆ ಕಚ್ಚಿಕೊಂಡಳು. ಆರನೆಯ ದಿನದಿಂದ ಗೌರೀಶ್ 'ಸಿಸ್ಟರ್' ಅನ್ನುವುದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟ. ಬದಲಿಗೆ ಏನನ್ನಬೇಕೆಂದು ಗೊತ್ತಾಗದೆ 'ಹಲೋ' ಅಂತಷ್ಟೇ ಶುರುಮಾಡುತ್ತಿದ್ದ. ಅದನ್ನು ಗಮನಿಸಿಯೂ ಗಮನಿಸದವಳಂತೆ ಇದ್ದುಬಿಟ್ಟಳು ನಮ್ಮ ಸೌಂದರ್ಯ. ಮುಖವನ್ನೇ ಸರಿಯಾಗಿ ನೋಡದ ಇಬ್ಬರ ನಡುವೆ ಇದೇನು ಅಂತ ಕೇಳಬೇಡಿ, ಅವರಿಗೇ ಗೊತ್ತಿರಲಿಲ್ಲ.

*ಇವರಮ್ಮನಿಗೆ ಏನಾದ್ರೂ ಆದ್ರೆ ಈ ದನಿ ನನ್ನನ್ನ ಕ್ಷಮಿಸುತ್ತಾ...?*

ಆ ಒಂದು ಯೋಚನೆ ಅವಳನ್ನು ಬಿಡಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಶಿವರುದ್ರಮ್ಮನ ಆಕ್ಸಿಜನ್ ಮತ್ತೆ ಇಳಿಯಿತು. ಎಂಬತ್ನಾಲ್ಕು... ಎಂಬತ್ತೊಂದು. ಬೋರಲು ಮಲಗಿಸಿ ಅಂದರು ಡಾಕ್ಟರ್. ಮಲಗಿಸಲು ಹೋದರೆ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಎದೆಗೆ ಒತ್ತುತ್ತಿತ್ತು. ಶಿವದಾರದಲ್ಲಿ ಕಟ್ಟಿದ ಪುಟ್ಟ ಬೆಳ್ಳಿ ಪೆಟ್ಟಿಗೆ, ಅದರೊಳಗೆ ಇಷ್ಟಲಿಂಗ. ಶಿವರುದ್ರಮ್ಮ ಅರೆ ಎಚ್ಚರದಲ್ಲಿದ್ದಳು. ಬೇರೆಲ್ಲೋ ಒಂದು ಆಸ್ಪತ್ರೆಯಲ್ಲಿ ರೋಗಿಯ ಸರ ಕಳೆದು ಗಲಾಟೆಯಾದ ಸುದ್ದಿ ಬಂದಿತ್ತು. ಬೆಳ್ಳಿ ವಸ್ತು, ದೇವರ ವಸ್ತು ಬೇರೆ... ಮಗನ ಹತ್ತಿರವೇ ಜೋಪಾನವಾಗಿರಲಿ ಅಂತ ಸೌಂದರ್ಯ ಅದನ್ನು ಬಿಚ್ಚಿ, ಸ್ಯಾನಿಟೈಸರಿನಲ್ಲಿ ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಸರು ಬರೆದಳು. ವಾರ್ಡಿನ ಕೆಲಸದ ಲಿಂಗರಾಜು ಅದನ್ನು ಗೇಟಿಗೆ ಒಯ್ದ.

ಕವರ್ ಕೈಗೆ ಬಂದಾಗ ಗೌರೀಶ್ ಗೇಟಿನತ್ತ ತಿರುಗಿ ನೋಡಿದ.

ಕಾಲು ಗಂಟೆಯ ಹಿಂದಷ್ಟೇ ಬಟ್ಟೆಯಲ್ಲಿ ಸುತ್ತಿದ ಒಂದು ದೇಹವನ್ನು ಹೊತ್ತ ಆಂಬುಲೆನ್ಸ್ ಆ ಗೇಟಿನಿಂದಲೇ ಹೋಗಿತ್ತು. ಯಾರದೆಂದು ಯಾರೂ ಹೇಳಿರಲಿಲ್ಲ. ಈಗ ಅವ್ವನ ಲಿಂಗ! ದೀಕ್ಷೆಯಾದಂದಿನಿಂದ ಒಂದು ಗಳಿಗೆಯೂ ಅವಳ ಮೈಬಿಟ್ಟು ಇರದ ಲಿಂಗ. ಜೀವ ಇರುವವರೆಗೆ ಅದು ಮೈಯಿಂದ ಬೇರೆಯಾಗುವುದಿಲ್ಲ ಎಂಬುದು ಅವರ ಮನೆಯಲ್ಲಿ ಮಗುವಿಗೂ ಗೊತ್ತು.

ಅವ್ವ ಹೇಗಿದ್ದಾಳೆ ಅಂತ ಲಿಂಗರಾಜುವನ್ನು ಕೇಳಿದ. ತನಗೇನೂ ಗೊತ್ತಿಲ್ಲ, ಜೋಪಾನವಾಗಿಟ್ಟುಕೊಳ್ಳಬೇಕಂತೆ ಅಂದ ಅವನು. ಸೌಂದರ್ಯಳಿಗೆ ಹನ್ನೊಂದು ಸಲ ಫೋನ್ ಮಾಡಿದ. ಫೋನು ಲಾಕರಿನಲ್ಲಿತ್ತು. ಹನ್ನೆರಡನೆಯ ಸಲ ಅವಳಿಗೊಂದು ಮಾತು ರೆಕಾರ್ಡ್ ಮಾಡಿ ಕಳಿಸಿ, ಗಾಡಿ ತಿರುಗಿಸಿ ಊರಿಗೆ ಹೊರಟುಹೋದ.

ಒಳಗೆ ಶಿವರುದ್ರಮ್ಮನಿಗೆ ಹತ್ತು ಗಂಟೆಗೆ ಪೂರ್ತಿ ಎಚ್ಚರವಾಯಿತು. ಎದೆ ಸವರಿಕೊಂಡಳು. ಕೊರಳು ತಡಕಿದಳು. ಅಷ್ಟೇ, ಬಾಯಿಗಿಟ್ಟ ನೀರನ್ನು ಉಗಿದಳು. ಗಂಜಿ ಬೇಡ, ಮಾತ್ರೆ ಬೇಡ. ಸ್ವಲ್ಪ ಹೊತ್ತಿಗೆ ಡ್ರಿಪ್ಪಿನ ಸೂಜಿಯನ್ನೂ ಕಿತ್ತಳು, ಮುಖದ ಮಾಸ್ಕನ್ನೂ ಕಿತ್ತಳು. ಸೌಂದರ್ಯ ಬೇಡಿಕೊಂಡಳು, ಗದರಿಸಿದಳು, ಕೈ ಹಿಡಿದು ಕೂತಳು. ಆಕ್ಸಿಜನ್ ಕಮ್ಮಿಯಾಗಿ ಬುದ್ಧಿ ಮಂಕಾಗಿದೆ ಅಂದುಕೊಂಡಳು.

ಪಕ್ಕದ ಹಾಸಿಗೆಯ ಭದ್ರಮ್ಮನೇ ಕೊನೆಗೆ ಬಾಯಿಬಿಟ್ಟಳು.

"ಬುದ್ದಿ ಸರ್ಯಾಗೇ ಅದೆ ಕಣವ್ವ. ಕೊಳ್ಳಾಗೆ ಲಿಂಗ ಇಲ್ದೆ ಅವರು ನೀರೂ ಮುಟ್ಟಕಿಲ್ಲ. ಲಿಂಗ ಓದ್ಮೇಲೆ ಜೀವ ಯಾಕೆ ಅಂತ ಕುಂತವ್ರೆ."

ಸೌಂದರ್ಯ ಲಿಂಗರಾಜುವನ್ನು ಗೇಟಿಗೆ ಓಡಿಸಿದಳು; ಹೊಂಗೆ ಮರದಡಿ ಗಾಡಿ ಇರಲಿಲ್ಲ. ಅವಳ ಊರಿನಲ್ಲಿ ಲಿಂಗಾಯತರ ಮನೆಗಳೇ ಇರಲಿಲ್ಲ. ಲಿಂಗ ಕಟ್ಟುತ್ತಾರೆ ಅಂತ ಗೊತ್ತು, ಆದರೆ ಇಷ್ಟೊಂದು ಅಂತ...

ಎರಡಕ್ಕೆ ಪಾಳಿ ಮುಗಿದು, ಕಿಟ್ ಕಳಚಿ, ತಲೆಗೆ ನೀರು ಸುರಿದುಕೊಂಡು ಬಂದು ಫೋನ್ ತೆಗೆದಳು. ರೆಕಾರ್ಡ್ ಮಾಡಿ ಕಳಿಸಿದ್ದ ಗೌರೀಶನ ದನಿ ತಣ್ಣಗಿತ್ತು.

"ಇದ್ದದ್ದು ಇದ್ದಂಗೇಳ್ತೀನಿ ಅಂದ್ರಿ. ಅವ್ವ ಓದದ್ದುನ್ನ ಕವರಲ್ಲಿ ಕಳಿಸಿದ್ರಿ. ನಿಮ್ಮುನ್ನ ನಂಬಿದ್ದೆ ಕಣ್ರೀ... ಮೈಯಂತೂ ಕೊಡಕಿಲ್ಲ ನೀವು. ಲಿಂಗನಾದ್ರೂ ಒಲದಲ್ಲಿ ಮಣ್ಣು ಮಾಡ್ತೀನಿ."

ಮಣ್ಣು ಮಾಡುತ್ತಾನೆ! ಬದುಕಿರುವವಳ ಲಿಂಗವನ್ನು!

ತಿರುಗಿ ಫೋನ್ ಮಾಡಿದಳು. ಬೆಟ್ಟದ ಬುಡದಲ್ಲಿ ಸಿಗ್ನಲ್ ಇಲ್ಲ. ಮತ್ತೆ ಮಾಡಿದಳು. ಇಲ್ಲ. ವಾರ್ಡಿಗೆ ಬಂದಿದ್ದ ಮಧ್ಯಾಹ್ನದ ಪಾಳಿಯ ನರ್ಸನ್ನು ಗಾಜಿನಾಚೆಯಿಂದ ಕೇಳಿದಳು. ಎಪ್ಪತ್ತಾರು ಅಂತ ಬೆರಳಲ್ಲಿ ತೋರಿಸಿದಳು ಅವಳು.

ಸೌಂದರ್ಯ ಊಟ ಮಾಡಲಿಲ್ಲ. ಸ್ಕೂಟಿ ಹತ್ತಿದಳು.

ಮೂವತ್ತು ಕಿಲೋಮೀಟರ್ ದಾರಿ ಅಂದು ಮುಗಿಯಲೇ ಇಲ್ಲ. ಒಂದು ಕಡೆ ಪೊಲೀಸರು, ಎರಡು ಕಡೆ ಮುಳ್ಳು. *ತಡವಾದ್ರೆ ನಾನೇ ಕೊಂದ ಹಾಗೆ... ನಾನೇ...* ಅವಳ ತುಟಿ ಅದನ್ನೇ ಹೇಳುತ್ತಿತ್ತು. ಗೌರೀಶನ ಊರಿನ ಬಾಗಿಲಲ್ಲಿ ಜನ ಅಡ್ಡಗಟ್ಟಿದರು. ಕೋವಿಡ್ ಆಸ್ಪತ್ರೆಯವಳು ಅಂತ ಗೊತ್ತಾದದ್ದೇ ತಡ, ಹತ್ತು ಹೆಜ್ಜೆ ಹಿಂದೆ ಸರಿದು ವಾಪಸ್ ಹೋಗು ಅಂದರು. ಅವಳು ಸ್ಕೂಟಿಯನ್ನು ಅಲ್ಲೇ ಬಿಟ್ಟು, ದೂರದಲ್ಲಿ ಕಂಡ ಪಿಕಪ್ ಗಾಡಿಯತ್ತ ಹೊಲಕ್ಕಿಳಿದು ಓಡಿದಳು.

ಹೊಲದ ಮೂಲೆಯಲ್ಲಿ ಚೌಕವಾಗಿ ಗುಂಡಿ ತೋಡಿತ್ತು. ಕೂರಿಸಿ ಮಣ್ಣು ಮಾಡುವ ಗುಂಡಿ. ಗೌರೀಶನ ದೊಡ್ಡಪ್ಪ ನಂಜುಂಡಸ್ವಾಮಿ ವಿಭೂತಿ, ಬಿಲ್ವಪತ್ರೆ ಹಿಡಿದು ನಿಂತಿದ್ದರು. ಗುಂಡಿಯೊಳಗೆ ಇಳಿದಿದ್ದ ಗೌರೀಶನ ಅಂಗೈಯಲ್ಲಿ ಕರಡಿಗೆ.

"ನಿಲ್ಸಿ... ನಿಮ್ಮವ್ವ ಬದುಕಿದ್ದಾರೆ."

ಅವನು ತಲೆಯೆತ್ತಿದ. ಒದ್ದೆ ಕೂದಲು, ಕೆನ್ನೆಯ ಮೇಲೆ ಮಾಸ್ಕಿನ ಕೆಂಪು ಗೆರೆ, ಏದುಸಿರು. ಈ ಹುಡುಗಿಯನ್ನು ಅವನು ಎಂದೂ ನೋಡಿರಲಿಲ್ಲ. ಆದರೆ ಆ ದನಿ... ಆ ದನಿಗಾಗಿ ಅವನು ಏಳು ಮಧ್ಯಾಹ್ನ ಕಾದಿದ್ದ.

"ನೀವು...?"

"ತಪ್ಪು ನಂದು. ಬೋರಲು ಮಲಗಿಸೋಕೆ ಒತ್ತುತ್ತೆ ಅಂತ ಬಿಚ್ಚಿದೆ. ಗೊತ್ತಿರಲಿಲ್ಲ ನಂಗೆ. ಲಿಂಗ ಇಲ್ಲ ಅಂತ ನೀರು ಬಿಟ್ಟಿದ್ದಾರೆ, ಮಾಸ್ಕ್ ಕೀಳ್ತಿದ್ದಾರೆ. ಈಗ ಎಪ್ಪತ್ತಾರಿದೆ. ಬಯ್ಯೋದನ್ನ ಆಮೇಲೆ ಬಯ್ಯಿ. ಮೊದಲು ಅದನ್ನ ಕೊಡಿ."

ನಂಜುಂಡಸ್ವಾಮಿ ಅವಳ ಊರು, ಕುಲ ವಿಚಾರಿಸಿದರು. ಹೆಗ್ಗಡದೇವನಕೋಟೆಯ ಗೌಡರ ಮನೆಯವಳು ಅಂದಳು. ಲಿಂಗವನ್ನು ಅವಳ ಕೈಗೆ ಕೊಡುವುದು ಹೇಗೆ, ಸ್ವಾಮಿಗಳನ್ನಾದರೂ ಕೇಳೋಣ ಅಂತ ಅವರು ಶುರುಮಾಡಿದರು. ಗೌರೀಶ್ ಕೊನೆಯವರೆಗೆ ಕೇಳಲಿಲ್ಲ. ಗುಂಡಿಯಿಂದ ಹತ್ತಿ ಬಂದು ಕರಡಿಗೆಯನ್ನು ಅವಳ ಎರಡೂ ಅಂಗೈ ಕೂಡಿಸಿ ಅದರಲ್ಲಿಟ್ಟ.

"ಒಳೀಕ್ಕೆ ನಾನ್ ಬರಂಗಿಲ್ಲ. ನೀವೇ ಕಟ್ರಿ."

ಐದು ಗಂಟೆಗೆ ಸೌಂದರ್ಯ ಮತ್ತೆ ಕಿಟ್ ತೊಟ್ಟು ಒಳಗೆ ಹೋದಳು. ಅದು ಅವಳ ಪಾಳಿಯಲ್ಲ, ಆದರೂ ಯಾರೂ ತಡೆಯಲಿಲ್ಲ. ಶಿವರುದ್ರಮ್ಮ ಕಣ್ಣು ಮುಚ್ಚಿದ್ದಳು. ಎಪ್ಪತ್ತಮೂರು. ಸೌಂದರ್ಯ ಕರಡಿಗೆಯನ್ನು ಎದೆಗೆ ಒತ್ತದಂತೆ ಮುದುಕಿಯ ತೋಳಿಗೆ ಕಟ್ಟಿದಳು. ಗ್ಲೌಸಿನ ಬೆರಳಿಗೆ ಗಂಟು ಎರಡು ಸಲ ಜಾರಿತು.

"ಅಮ್ಮಾ, ಬಂದಿದೆ. ಮುಟ್ಟಿ ನೋಡಿ."

ಸುಕ್ಕುಗಟ್ಟಿದ ಬೆರಳು ನಿಧಾನವಾಗಿ ತೋಳು ಸವರಿತು. ಅಲ್ಲೇ ನಿಂತಿತು. ಮುದುಕಿ ತುಟಿ ತೆರೆದಳು.

"ನೀರು."

ಸೌಂದರ್ಯ ಚಮಚದಲ್ಲಿ ನೀರು ಬಿಡುತ್ತ ಬಿಕ್ಕಿ ಬಿಕ್ಕಿ ಅತ್ತಳು. ಕನ್ನಡಕದೊಳಗಿನ ಕಣ್ಣೀರು ಒರೆಸಿಕೊಳ್ಳಲು ದಾರಿಯೇ ಇರಲಿಲ್ಲ.

ಆ ರಾತ್ರಿ ಕಳೆಯಿತು. ಮರುದಿನ ಎಂಬತ್ನಾಲ್ಕು. ಮೂರು ದಿನಕ್ಕೆ ತೊಂಬತ್ತು. ಹದಿನೇಳನೆಯ ದಿನ ಶಿವರುದ್ರಮ್ಮ ಗಾಲಿಕುರ್ಚಿಯಲ್ಲಿ ಕೂತು ಗೇಟಿಗೆ ಬಂದಳು. ಮಗನನ್ನು ನೋಡಿ ಮೊದಲು ಅತ್ತಳು, ಆಮೇಲೆ ಬದುಕಿರುವಾಗಲೇ ಗುಂಡಿ ತೋಡಿಸಿದ್ದಕ್ಕೆ ಸರಿಯಾಗಿ ಉಗಿದಳು. ನಂತರ ಸೌಂದರ್ಯಳ ಕೈ ಹಿಡಿದಳು.

"ಇವ್ನ ದೊಡ್ಡಪ್ಪ ಜಾತಿ ಕೇಳಿದ್ನಂತೆ. ನಂಗೆ ಲಿಂಗ ಕಟ್ಟಿದ ಕೈ ಇದು ಕಣವ್ವ. ಕೇಳೋರಿದ್ರೆ ನನ್ ತಾವ್ ಕಳ್ಸು."

ತಾಯಿಯನ್ನು ಗಾಡಿಯಲ್ಲಿ ಕೂರಿಸಿ ಗೌರೀಶ್ ವಾಪಸ್ ಬಂದ.  ಸೌಂದರ್ಯಳಿಗೆ ಒಂದೇ ಯೋಚನೆ: ನಾಳೆಯಿಂದ ಎರಡೂವರೆಗೆ ಫೋನ್ ಮಾಡಲು ಕಾರಣವೇ ಇಲ್ಲವಲ್ಲ!

"ನಂಗೆ ನೀವು ಬೇಕು ಕಣ್ರೀ," ಅಂದ ಅವನು. "ಬೇರೆ ತರ ಹೇಳಕ್ಕೆ ಬರಕಿಲ್ಲ."

ಅವಳು ನೆಲ ನೋಡಿದಳು. ಸಂತೋಷಕ್ಕಿಂತ ಮೊದಲು ಹೆದರಿಕೆಯೇ ಬಂತು ಅವಳಿಗೆ.

"ಮೂರನೇ ಅಲೆ ಬರುತ್ತೆ ಅಂತಿದ್ದಾರೆ. ಬಂದ್ರೆ ನಾನು ಮತ್ತೆ ಒಳಗೇ ಇರ್ತೀನಿ. ತಿಂಗಳುಗಟ್ಟಲೆ ಮನೆಗೆ ಬರೋಕಾಗಲ್ಲ. ಅಂಥ ಹೆಂಡತಿನ ಇಟ್ಕೊಂಡು ಏನ್ ಮಾಡ್ತೀರಿ?"

"ಈಚೆ ಕಾಯ್ತೀನಿ."

"ಎಷ್ಟು ದಿನ?"

"ನೀವು ಬರಗಂಟ."

ಸೌಂದರ್ಯ ಮಾಸ್ಕನ್ನು ಗದ್ದಕ್ಕೆ ಇಳಿಸಿ, ನಗುತ್ತಲೇ ಕಣ್ಣೊರೆಸಿಕೊಂಡಳು.

"ಕಾಯೋದಾದ್ರೆ ಊಟ ಮಾಡ್ಕೊಂಡು ಕಾಯ್ಬೇಕು," ಅಂದಳು. "ಕೇಳಿಸ್ತಾ?"